ನಾನು ಕತ್ತರಿಸಿದ ಸೆಕೆಂಡುಗಳು

ಹಾಸ್ಟೆಲ್, ಮೂರನೇ ಮಹಡಿ, ಮೆಟ್ಟಿಲ ಪಕ್ಕದ ರೂಮು
ಆಗಸ್ಟ್ ೨೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ಪತ್ರ ಬರೆದಿದ್ದಕ್ಕೇ ಮೊದಲು ಕ್ಷಮಿಸು. ದಿನಾ ಫೋನಿನಲ್ಲಿ ಸಿಗುವ ತಂಗಿಯಿಂದ ಲಕೋಟೆ ಬಂದರೆ ನಿನ್ನ ಎದೆ ಧಸಕ್ಕೆನ್ನುತ್ತದೆ ಅಂತ ಗೊತ್ತು. ಯಾರಿಗೂ ಏನೂ ಆಗಿಲ್ಲ. ನನಗೆ ಜ್ವರವಿಲ್ಲ, ಯಾವ ಪೇಪರಿನಲ್ಲೂ ಫೇಲಾಗಿಲ್ಲ (ರಿಸಲ್ಟ್ ಇನ್ನೂ ಬಂದಿಲ್ಲ), ಯಾವ ಹುಡುಗನ ಸಮಾಚಾರವೂ ಅಲ್ಲ. ಕೂತು ಓದು. ಹೊಲಿಗೆ ಮಷಿನ್ನಿನ ಮುಂದೆ ಮಾತ್ರ ಬೇಡ. ಅಲ್ಲಿ ಕೂತರೆ ನಾಲ್ಕು ಸಾಲು ಓದಿ ಯಾರದೋ ಯೂನಿಫಾರ್ಮಿಗೆ ತೋಳು ಜೋಡಿಸಲು ಶುರು ಮಾಡುತ್ತೀಯ.

ನನ್ನ ಕನ್ನಡ ನೋಡಿ ನಗಬೇಡ. ಹನ್ನೆರಡು ವರ್ಷ ಹಾಸ್ಟೆಲಿನಲ್ಲಿ ಇಂಗ್ಲಿಷಿನಲ್ಲಿ ಕನಸು ಕಂಡವಳು ನಾನು. ಈ ಪತ್ರವನ್ನು ನಿನ್ನೆಯಿಂದ ಮೂರು ಸಲ ಶುರು ಮಾಡಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನು ಎರಡು ಸೆಕೆಂಡು ಸುಮ್ಮನಾದರೆ ನೀನು "ಹಲೋ, ಹಲೋ, ಕೇಳಿಸ್ತಿದೆಯಾ?" ಅನ್ನುತ್ತೀಯ. ನಾನು ತಕ್ಷಣ "ಹ್ಞಾಂ ಹ್ಞಾಂ, ಎಲ್ಲಾ ಚೆನ್ನಾಗಿದೆ" ಅಂದುಬಿಡುತ್ತೇನೆ. ಮೆಸೇಜ್ ಆದರೆ ಅಳಿಸಿ ಅಳಿಸಿ ಕೊನೆಗೆ ಒಂದು ನಗುವ ಮುಖ ಕಳಿಸಿ ಮುಗಿಸುತ್ತೇನೆ. ಪೆನ್ನಿನಲ್ಲಿ ಬರೆದರೆ ಹೊಡೆದು ಹಾಕಿದ್ದೂ ಕಾಣುತ್ತದೆ. ಮೇಲೆ ಎಷ್ಟು ಗೀಟು ಇವೆ ನೋಡು. ಒಂದನ್ನೂ ಮುಚ್ಚಿಲ್ಲ.

ಇಲ್ಲಿ ಎಲ್ಲ ಮಾಮೂಲು. ರೂಮ್‌ಮೇಟ್ ನನ್ನ ಬಿಸ್ಕತ್ತು ತಿಂದು ಖಾಲಿ ಪ್ಯಾಕೆಟ್ಟನ್ನು ಮತ್ತೆ ಡಬ್ಬದಲ್ಲೇ ನೀಟಾಗಿ ಇಡುತ್ತಾಳೆ. ಕೇಳಿದರೆ "ಇದೆ ಅನ್ನೋ ಸಮಾಧಾನ ಇರ್ಲಿ ಅಂತ" ಅಂದಳು. ಕ್ಲಾಸಿನಲ್ಲಿ ನಾನು ಇನ್ನೂ ಬಾಗಿಲ ಪಕ್ಕವೇ ಕೂರುತ್ತೇನೆ. ಹೋದ ಸೋಮವಾರ ಫಿಸಿಕ್ಸ್ ಲ್ಯಾಬಿನಲ್ಲಿ ನನ್ನ ಒಂದು ರೀಡಿಂಗ್ ಉಳಿದವಕ್ಕೆ ಹೊಂದಲಿಲ್ಲ. ವೈಟ್ನರ್ ಹಚ್ಚಿ ಅದರ ಮೇಲೆ ಚೆಂದದ ಅಂಕಿ ಬರೆದೆ. ಲ್ಯಾಬಿನ ಸರ್ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಏನಮ್ಮ ಇದು, ಗೋಡೆಗೆ ಸುಣ್ಣ ಹೊಡೆದ ಹಾಗೆ ಹೊಡೆದಿದ್ದೀಯ?"

"ತಪ್ಪು ಬಂದಿತ್ತು ಸರ್."

"ತಪ್ಪು ಬಂದಿತ್ತಾ, ಇಷ್ಟ ಆಗ್ಲಿಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಆ ಮಾತು ಯಾಕೆ ಅಷ್ಟು ಚುಚ್ಚಿತು ಅಂತ ಅವತ್ತು ಗೊತ್ತಾಗಲಿಲ್ಲ. ಗುರುವಾರ ನೀನು ಫೋನ್ ಮಾಡಿದಾಗ ಗೊತ್ತಾಯಿತು.

"ಇನ್ನು ಆ ಮೇಡಂ ಕ್ಲಾಸ್ ಬೇಡ ಕಣೇ. ಈ ಶನಿವಾರ ಒಂದು ನಾನೇ ಬೇಡ ಅಂದಿದ್ದೀನಿ, ಮುಂದಿನ ಶನಿವಾರ ಪೂರ್ತಿ ನಿಲ್ಸಿಬಿಡ್ತೀನಿ. ನನ್ನ ಕೈಲಿ ಆಗಲ್ಲ. ಮೇಡಂಗೆ ಕಾಣೋ ಮಗು ಬೇರೆ, ನಂಗೆ ಕಾಣೋ ಮಗು ಬೇರೆ. ತಪ್ಪು ನಂದೇ ಇರ್ಬೇಕು" ಅಂದೆಯಲ್ಲ. ಯಾರದೋ ಅಂಗಿಯ ಅಳತೆ ಹೇಳುವ ಹಾಗೆ, ದನಿ ಏರಿಸದೆ ಹೇಳಿದೆ. ನಾನು "ಯೋಚ್ನೆ ಮಾಡ್ಬೇಡಕ್ಕ" ಅಂದು ಫೋನಿಟ್ಟೆ.

ಅಕ್ಕ, ತಪ್ಪು ನಿನ್ನದಲ್ಲ, ನನ್ನದು. ಅದನ್ನು ಸರಿಯಾಗಿ ಹೇಳಬೇಕಾದರೆ ಏಪ್ರಿಲ್ಲಿನಿಂದ ಹೇಳಬೇಕು. ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಸಹಿಸಿಕೋ.

ಪರೀಕ್ಷೆ ಮುಗಿಸಿ ನಾನು ನಿನ್ನ ಮನೆಗೆ ಬಂದಾಗ ನಿನ್ನ ಮಗರಾಯ ಬಟಾಣಿಗೆ ಮೂರು ವರ್ಷ ತುಂಬಿತ್ತು. ಆಟಿಸಂ ಅಂತ ಡಾಕ್ಟರು ಬರೆದುಕೊಟ್ಟ ಕಾಗದ ಮಷಿನ್ನಿನ ಡ್ರಾಯರಿನಲ್ಲಿ ನೂಲಿನ ಬಾಬಿನ್‌ಗಳ ಕೆಳಗಿತ್ತು. ಮಕ್ಕಳಿಗೆ ಮಾತು ಕಲಿಸುವ ಸೆಂಟರಿಗೆ ಬಸ್ಸಿನಲ್ಲಿ ಹೋಗಿ ಬರಲು ಒಂದು ದಿನ ಪೂರ್ತಿ ಬೇಕು, ಬಸ್ಸಿನ ಹಾರ್ನಿಗೆ ಅವನು ಕಿವಿ ಮುಚ್ಚಿಕೊಂಡು ನರಳುತ್ತಾನೆ. ಆಗ ಅಲ್ಲಿನ ಮೇಡಂ ಅವರೇ, ಮನೆಯಲ್ಲೇ ಫೋನಿನಲ್ಲಿ ಮಾಡೋಣ, ವಾರಕ್ಕೊಂದು ದಿನ ನಾನು ನೋಡುತ್ತೇನೆ, ಉಳಿದ ದಿನ ನೀವೇ ಟೀಚರ್ ಅಂದರಲ್ಲ. ಭಾವ ಮಾತ್ರ, "ಮಾತೇ ಆಡದ ಮಗೂಗೆ ಫೋನಲ್ಲಿ ಪಾಠ ಅಂತೆ. ನಾನೂ ನಾಳೆಯಿಂದ ಮನೇಲಿ ಮಲ್ಕೊಂಡು ಫೋನಲ್ಲೇ ಬಸ್ ಓಡಿಸ್ತೀನಿ" ಅಂದಿದ್ದರು.

ಮೊದಲ ದಿನ ನೆನಪಿದೆಯಾ? ನಾನು ಹೆದರಿ ಫೋನನ್ನು ಹೇಗೋ ಹಿಡಿದಿದ್ದೆ. ಮೇಡಂ, "ಫ್ಯಾನ್ ಚೆನ್ನಾಗಿದೆ, ಮಗು ಎಲ್ಲಿ?" ಅಂದರು. ನೀನು ಬಟಾಣಿಯನ್ನು ಎಳೆದು ತಂದು ಪರದೆಯ ಮುಂದೆ ಕೂರಿಸಿ "ಮೇಡಂಗೆ ಹಲೋ ಹೇಳು, ಹೇಳು ಚಿನ್ನ, ಹೇಳೋ" ಅಂತ ಬೆವರು ಸುರಿಸುತ್ತಿದ್ದೆ. ಅವನು ನುಣುಚಿಕೊಂಡು ಕಟಿಂಗ್ ಮೇಜಿನ ಕೆಳಗೆ ಹೋದ. ಆಗ ಅವರು ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಅವನು ನನ್ನನ್ನ ನೋಡ್ಬೇಕಾಗಿಲ್ಲ. ನೀವೂ ನನ್ನನ್ನ ನೋಡ್ಬೇಡಿ. ಅವನನ್ನ ನೋಡಿ."

ಅವತ್ತಿನಿಂದ ಒಂದು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ನೀನು ಮೇಜಿನ ಕೆಳಗೇ ಕೂತೆ. ಅವನಿಗೆ ಪ್ರಾಣವಾದ ವಸ್ತು ಯಾವುದು ಅಂತ ಮೇಡಂ ಕೇಳಿದಾಗ ನೀನು ಒಂದು ಕ್ಷಣವೂ ಯೋಚಿಸದೆ ಅಳತೆಯ ಟೇಪು ಅಂದೆ, ಗುಂಡಿ ಒತ್ತಿದರೆ ಸರ್ರನೆ ಒಳಗೆ ಸೇರಿಕೊಳ್ಳುವ ಹಳದಿ ಟೇಪು. ಆಗ ಮೇಡಂ ಹೇಳಿಕೊಟ್ಟರು: ಅದನ್ನು ಅವನಿಗೆ ಕಾಣುವ ಹಾಗೆ ಹಿಡಿಯಿರಿ, ಏನೂ ಹೇಳಬೇಡಿ, ಕಾಯಿರಿ. ಅವನು ನೋಡಿದರೂ ಸರಿ, ಕೈ ಚಾಚಿದರೂ ಸರಿ, ಒಂದು ಸದ್ದು ಮಾಡಿದರೂ ಸರಿ, ಅದೇ ಅವನ ಮಾತು. ಮಾತಾಡಿದವರಿಗೆ ಉತ್ತರ ಕೊಡುವ ಹಾಗೆ "ಟೇಪು ಬೇಕಾ, ತಗೋ" ಅಂತ ಕೊಡಿ. ಇಷ್ಟೇ ಪಾಠ. ಇಷ್ಟು ಕಷ್ಟದ ಪಾಠವನ್ನು ನಾನು ಯಾವ ಕಾಲೇಜಿನಲ್ಲೂ ನೋಡಿಲ್ಲ. ನಿನಗೆ ಸುಮ್ಮನಿರುವುದಕ್ಕೇ ಬರುವುದಿಲ್ಲವಲ್ಲ! ನಿನ್ನ ತುಟಿ ಒಂದು ಎರಡು ಮೂರು ಅಂತ ಸದ್ದಿಲ್ಲದೆ ಎಣಿಸುತ್ತಿತ್ತು. ಭಾವನ ಸರದಿ ಬಂದಾಗ ಅವರು ಕಾಯುತ್ತಾ ಕಾಯುತ್ತಾ ಗೋಡೆಗೊರಗಿ ತೂಕಡಿಸಿದರು. ಮೇಡಂ, "ಅಪ್ಪ ಸ್ಟಾಪಲ್ಲಿ ಗಾಡಿ ಆಫ್ ಮಾಡ್ಬಿಟ್ರು" ಅಂದರು. ಭಾವ ಮೊದಲ ಸಲ ಅವರ ಮಾತಿಗೆ ನಕ್ಕರು.

ಬಟಾಣಿ ಕೈ ಚಾಚಲು ಹದಿನೇಳು ಸೆಕೆಂಡು ತೆಗೆದುಕೊಳ್ಳುತ್ತಿದ್ದ. ಕೆಲವೊಮ್ಮೆ ಹದಿನಾರು, ಕೆಲವೊಮ್ಮೆ ಹತ್ತೊಂಬತ್ತು. ಪ್ರತಿ ಬುಧವಾರ ಒಂದು ವಿಡಿಯೋ ಕಳಿಸಬೇಕಿತ್ತು, ಜೊತೆಗೆ ಇಂಗ್ಲಿಷಿನಲ್ಲಿ ಒಂದು ಫಾರ್ಮು: ಎಷ್ಟು ಸಲ ಕೇಳಿದ, ಹೇಗೆ ಕೇಳಿದ, ಎಷ್ಟು ಸೆಕೆಂಡಿಗೆ. ಅದಕ್ಕೇ ನಾನು ಇದ್ದೆನಲ್ಲ. "ನಮ್ಮ ಮನೆ ಇಂಗ್ಲಿಷ್ ಆಫೀಸು" ಅಂತ ಭಾವ ಕರೆಯುತ್ತಿದ್ದರು. ಕಾಲೇಜಿಗೆ ಬಂದ ಮೇಲೂ ನೀನು ವಿಡಿಯೋವನ್ನು ನನಗೆ ಕಳಿಸುತ್ತಿದ್ದೆ, ನಾನು ಇಲ್ಲಿಂದ ಸೆಂಟರಿಗೆ ಏರಿಸುತ್ತಿದ್ದೆ.

ಒಟ್ಟು ಹದಿನೆಂಟು ವಿಡಿಯೋ. ಮೊದಲ ಐದು ನೀನು ತೆಗೆದ ಹಾಗೇ ಇವೆ. ಆರನೆಯದು ಹನ್ನೆರಡು ನಿಮಿಷ ಬಂದಿತ್ತು. ಹತ್ತು ನಿಮಿಷಕ್ಕಿಂತ ಉದ್ದದ್ದನ್ನು ಸೆಂಟರಿನ ವೆಬ್ ಪೇಜು ತೆಗೆದುಕೊಳ್ಳುವುದಿಲ್ಲ. ಎಲ್ಲಿ ಕತ್ತರಿಸಲಿ ಅಂತ ನೋಡಿದೆ. ಯಾರೂ ಮಾತಾಡದ, ಏನೂ ನಡೆಯದ ಜಾಗಗಳಿದ್ದವು. ಅಲ್ಲೇ ಕತ್ತರಿಸಿದೆ. ಅಕ್ಕ, ದೇವರಾಣೆಗೂ ಅವತ್ತು ಬೇರೆ ಯೋಚನೆ ಇರಲಿಲ್ಲ. ಕತ್ತರಿಸಿ ಜೋಡಿಸಿದ ಮೇಲೆ ನೋಡಿದರೆ ಬಟಾಣಿ ನಾಲ್ಕೇ ಸೆಕೆಂಡಿಗೆ ಕೈ ಚಾಚುತ್ತಿದ್ದ. ಎಷ್ಟು ಮುದ್ದಾಗಿತ್ತು! ಬೇರೆ ಮಕ್ಕಳ ಹಾಗೆ. ಫಾರ್ಮಿನಲ್ಲಿ ಎಷ್ಟು ಸೆಕೆಂಡು ಅಂತ ಇದ್ದ ಕಡೆ ನನ್ನ ಕೈ "ನಾಲ್ಕು" ಅಂತ ಬರೆಯಿತು.

ಆ ಶನಿವಾರ ಮೇಡಂ ಹಿಗ್ಗಿಹೋದರು. "ಅಮ್ಮ, ಏನ್ ಮಾಡಿದ್ರಿ? ಇಷ್ಟು ಬೇಗ!" ಅಂದರು. ನೀನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅವತ್ತು ಇಡೀ ಸಂಜೆ ಮಷಿನ್ ತುಳಿಯುತ್ತಾ ಏನೋ ಗುನುಗುತ್ತಿದ್ದೆ. ನಮ್ಮಮ್ಮ ತೀರಿಹೋದ ಮೇಲೆ ನೀನು ಗುನುಗಿದ್ದನ್ನು ನಾನು ಕೇಳಿರಲಿಲ್ಲ. ಆಮೇಲಿನ ವಿಡಿಯೋ ಒಂಬತ್ತೇ ನಿಮಿಷ ಇತ್ತು, ಕತ್ತರಿಸುವ ಅಗತ್ಯವೇ ಇರಲಿಲ್ಲ. ಕತ್ತರಿಸಿದೆ.

ಹದಿಮೂರು ವಿಡಿಯೋಗಳಿಗೆ ನನ್ನ ಕತ್ತರಿ ಬಿದ್ದಿದೆ.

ಶನಿವಾರ ಮೇಡಂ ನೇರವಾಗಿ ನೋಡುವಾಗ ಸಿಕ್ಕಿಬೀಳಬೇಕಿತ್ತಲ್ಲ ಅನ್ನುತ್ತೀಯ. ಅಲ್ಲೇ ಇರುವುದು ವಿಚಿತ್ರ. ಬಟಾಣಿ ಅಲುಗಾಡದೆ ಟೇಪು ನೋಡುತ್ತಾ ಕೂತ, ನೀನೂ ಅಲುಗಾಡದೆ ಕೂತೆ. ಅವರಿಗೆ ಚಿತ್ರ ನಿಂತುಹೋದ ಹಾಗೆ ಕಂಡಿತು. "ನಿಮ್ಮ ಕಡೆ ನೆಟ್ ತಡ ಆಗ್ತಿದೆ ಅಂತ ಕಾಣುತ್ತೆ. ಪರ್ವಾಗಿಲ್ಲ, ವಿಡಿಯೋಲಿ ನೋಡಿದ್ದೀನಲ್ಲ" ಅಂದರು. ನಮ್ಮ ಬೀದಿಯ ನೆಟ್ಟಿಗೆ ಮೊದಲೇ ಕೆಟ್ಟ ಹೆಸರು. ನಾನು ಫೋನ್ ಹಿಡಿದು ಅಲ್ಲೇ ನಿಂತಿದ್ದೆ. "ಹೌದು ಮೇಡಂ, ಸ್ವಲ್ಪ ಸ್ಲೋ ಇದೆ" ಅಂದೆ.

ಮುಂದಿನದು ನಿನಗೇ ಗೊತ್ತು. ನಾಲ್ಕು ಸೆಕೆಂಡಿಗೆ ಕೇಳುವ ಮಗುವಿಗೆ ಮುಂದಿನ ಮೆಟ್ಟಿಲು ಕೊಡಬೇಕಲ್ಲ. ಐದು ಸೆಕೆಂಡು ಕಾಯಿರಿ, ಬರದಿದ್ದರೆ ನೆನಪಿಸಿ, ಅವನ ಕೈ ಹಿಡಿದು ತೋರಿಸಿ, ಜೊತೆಗೆ ಒಂದು ಸದ್ದನ್ನೂ ಕೇಳಿ ಅಂದರು ಮೇಡಂ. ನೀನು ಅವರು ಹೇಳಿದ್ದನ್ನು ಒಂದು ನೂಲೂ ಆಚೀಚೆ ಮಾಡದೆ ಮಾಡಿದೆ. ಅವನು ಹದಿನೇಳಕ್ಕೆ ಹೊರಟಿರುತ್ತಿದ್ದ. ಐದಕ್ಕೇ ನಿನ್ನ ಕೈ ಅವನ ಕೈ ಮೇಲೆ ಬೀಳುತ್ತಿತ್ತು. ಮೊದಲು ಕೈ ಹಿಂದೆಳೆದುಕೊಂಡ. ಆಮೇಲೆ ಟೇಪು ಕಂಡರೇ ಮೇಜಿನ ಕೆಳಗೆ ಸೇರಿ ಗೋಡೆಗೆ ಮುಖ ಮಾಡತೊಡಗಿದ. ಅದನ್ನೂ ನೀನು ತೆಗೆದು ಕಳಿಸಿದೆ. ನಾನು ಅದನ್ನೂ ಕತ್ತರಿಸಿದೆ, ಅವನು ಕೈ ಚಾಚಿದ ಒಂದೆರಡು ಸಲವನ್ನಷ್ಟೇ ಉಳಿಸಿದೆ. ನೀನು ಮೇಡಂಗೆ "ಮಾಡ್ತಿಲ್ಲ ಇವ್ನು" ಅಂದಾಗ ಅವರು "ವಿಡಿಯೋಲಿ ಚೆನ್ನಾಗಿ ಮಾಡ್ತಾನಲ್ಲಮ್ಮ, ಧೈರ್ಯ ಕಳ್ಕೋಬೇಡಿ" ಅಂದರು. ನಾನು ಕತ್ತರಿಸಿದ ಮೇಲೆ ಆ ವಿಡಿಯೋಗಳನ್ನು ನೀನು ನೋಡಲೇ ಇಲ್ಲ. ಅದಕ್ಕೇ ನಿನಗೆ ಕಾಣುವ ಮಗು ಬೇರೆ, ಅವರಿಗೆ ಕಾಣುವ ಮಗು ಬೇರೆ. ನಿನ್ನ ಕಣ್ಣು ಸರಿಯಾಗೇ ಇದೆ ಅಕ್ಕ. ನಡುವೆ ನಾನಿದ್ದೆ.

ಯಾಕೆ ಮಾಡಿದೆ ಅಂತ ಕೇಳುತ್ತೀಯ. ಸಬೂಬು ಅಲ್ಲ ಇದು. ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಮನೆಗೆ ಪತ್ರ ಬರೆಸುತ್ತಿದ್ದರು. ವಾರ್ಡನ್ ಓದುತ್ತಿದ್ದರು. "ಅಳು ಬರುತ್ತದೆ" ಅಂತ ಬರೆದರೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದು, "ಮನೆಯವರಿಗೆ ಬೇಜಾರಾಗಲ್ವಾ ಪುಟ್ಟಿ? ಬೇರೆ ಹಾಳೇಲಿ ಬರಿ" ಅನ್ನುತ್ತಿದ್ದರು. ಕೆಟ್ಟವರಲ್ಲ, ನಗುನಗುತ್ತಲೇ ಹೇಳುತ್ತಿದ್ದರು. ನಾಲ್ಕನೇ ಭಾನುವಾರದ ಹೊತ್ತಿಗೆ ನನಗೆ ಎರಡನೇ ಹಾಳೆ ಬೇಕಾಗಲಿಲ್ಲ. ನೀನು ಆ ಪತ್ರಗಳನ್ನೆಲ್ಲ ಇಟ್ಟುಕೊಂಡಿದ್ದೀಯ, ನೋಡಿದ್ದೇನೆ. ಒಂದರಲ್ಲೂ ಗೀಟಿಲ್ಲ. ಮನೆಗೆ ಹೋಗುವುದು ಯಾವುದೇ ಇರಲಿ, ಬೇಜಾರಾಗುವುದನ್ನು ತೆಗೆದು ಕಳಿಸುವುದು ನನ್ನ ಕೈಗೆ ಅಂಟಿದ ಕೆಲಸ. ಮನೆಯಿಂದ ಹೊರಗೆ ಹೋಗುವುದಕ್ಕೂ ಅದನ್ನೇ ಮಾಡಿದೆ.

ಶುಕ್ರವಾರ ಮಧ್ಯಾಹ್ನ ಕ್ಲಾಸ್ ತಪ್ಪಿಸಿ, ಲೈಬ್ರರಿಯ ಮೂಲೆಯಲ್ಲಿ ಕೂತು, ಕತ್ತರಿಸಿದ್ದನ್ನೆಲ್ಲ ನೋಡಿದೆ. ಹೌದು, ಎಸೆದಿಲ್ಲ. ನೀನು ಬಟ್ಟೆ ಚೂರುಗಳನ್ನು ಎಸೆಯದೆ ಗಂಟು ಕಟ್ಟಿಡುತ್ತೀಯಲ್ಲ, ಹಾಗೆ ಒಂದು ಕಡೆ ಹಾಕಿಟ್ಟಿದ್ದೆ. ಏನೂ ನಡೆಯದ ಜಾಗ ಅಂದುಕೊಂಡಿದ್ದೆನಲ್ಲ, ಅಲ್ಲಿ ಏನಿದೆ ಗೊತ್ತಾ? ಮೊದಲು ಅವನು ಟೇಪು ನೋಡುತ್ತಾನೆ. ಆಮೇಲೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಾನೆ, ಗುಂಡಿ ಒತ್ತುವ ಹಾಗೆ. ಆಮೇಲೆ ಅವನ ಕಣ್ಣು ಟೇಪಿನಿಂದ ನಿನ್ನ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಭುಜಕ್ಕೆ, ಕೊನೆಗೆ ನಿನ್ನ ಗದ್ದದವರೆಗೆ ಏರುತ್ತದೆ. ಅಲ್ಲಿ ನಿನ್ನ ತುಟಿ ಎಣಿಸುವುದನ್ನು ಒಂದು ಗಳಿಗೆ ನೋಡುತ್ತಾನೆ. ಆಮೇಲೆ ಕೈ. ಪ್ರತಿ ಸಲವೂ ಹೀಗೇ. ಬೇಕಾದರೆ ಎಣಿಸು, ನಾನು ನಲವತ್ತು ಸಲ ಎಣಿಸಿದೆ. ಅವನು ಸುಮ್ಮನೆ ಕೂತಿರಲಿಲ್ಲ ಅಕ್ಕ. ನಿನ್ನ ಹತ್ತಿರ ಬರುತ್ತಾ ಇದ್ದ.

ನಿನ್ನೆ ಬೆಳಿಗ್ಗೆ ಧೈರ್ಯ ಮಾಡಿ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಸುಮ್ಮನಾದರು. ನಾನು "ಹಲೋ, ಹಲೋ ಮೇಡಂ" ಅಂದೆ.

"ಇದ್ದೀನಿ. ನೆಟ್ ಹೋಗಿಲ್ಲ. ಯೋಚ್ನೆ ಮಾಡ್ತಿದ್ದೀನಿ" ಅಂದರು.

ಬೈಯುತ್ತಾರೆ ಅಂದುಕೊಂಡೆ. ಬೈದರು ಕೂಡ, ಚೆನ್ನಾಗೇ ಬೈದರು. "ನೀವು ಕಳಿಸಿದ್ದನ್ನ ನಂಬಿ ನಾನು ಆ ಮಗೂನ ಮುಂದಕ್ಕೆ ಓಡಿಸಿದೆ" ಅಂದರು. ಆಮೇಲೆ ಸ್ವಲ್ಪ ಹೊತ್ತಿಗೆ, "ನಂದೂ ತಪ್ಪಿದೆ. ಕಣ್ಣೆದುರಿಗೆ ಕಾಣ್ತಿದ್ರೂ ನೆಟ್ ಮೇಲೆ ಹಾಕ್ದೆ. ಮೊದಲ ಐದು ವಿಡಿಯೋಲಿ ಎಲ್ಲಿದ್ವೋ ಅಲ್ಲಿಗೇ ವಾಪಸ್ ಹೋಗೋಣ. ಅಮ್ಮ ಕಾಯೋದು ಮರ್ತಿರಲ್ಲ" ಅಂದರು. ಕತ್ತರಿಸದ ವಿಡಿಯೋಗಳೆಲ್ಲ ಬೇಕು ಅಂದರು. ನಿಮ್ಮ ಅಕ್ಕನಿಗೆ ನಾನು ಹೇಳುವುದಿಲ್ಲ, ನೀವೇ ಹೇಳಬೇಕು, ಶನಿವಾರದವರೆಗೆ ಕಾಯುತ್ತೇನೆ ಅಂದರು. ಅದಕ್ಕೇ ಈ ಪತ್ರ.

ಲಕೋಟೆಯಲ್ಲಿ ಪೆನ್‌ಡ್ರೈವ್ ಇದೆ. ಹದಿನೆಂಟು ವಿಡಿಯೋ, ನೀನು ತೆಗೆದ ಹಾಗೆ, ಪೂರ್ತಿ. ಟಿವಿಗೆ ಚುಚ್ಚಿದರೆ ಬರುತ್ತದೆ, ಭಾವನಿಗೆ ಗೊತ್ತು. ನೀನು ತಪ್ಪು ಮಾಡಿದ್ದೀಯಾ ಅಂತ ನೀನೇ ನೋಡು. ಫಾರ್ಮುಗಳನ್ನು ನಾನು ಮತ್ತೆ ತುಂಬಿದ್ದೇನೆ. ಈ ಸಲ ಹಳೆಯ ಅಂಕಿಯ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ನಿಜವಾದದ್ದು ಬರೆದಿದ್ದೇನೆ. ಶನಿವಾರದ ಕ್ಲಾಸ್ ನಿಲ್ಲಿಸಬೇಡ. ನನ್ನ ಮೇಲಿನ ಸಿಟ್ಟನ್ನು ಅವನ ಕ್ಲಾಸಿನ ಮೇಲೆ ಹಾಕಬೇಡ. ಇನ್ನು ಮುಂದೆ ವಿಡಿಯೋವನ್ನು ನನಗೆ ಕಳಿಸಲೂ ಬೇಡ, ನೀನೇ ಏರಿಸು. ಹೇಗೆ ಅಂತ ಈ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದಿದ್ದೇನೆ. ಹತ್ತು ನಿಮಿಷ ಆದ ಕೂಡಲೇ ಫೋನ್ ನಿಲ್ಲಿಸು, ಅಷ್ಟೇ. ಕತ್ತರಿಸುವ ಕೆಲಸವೇ ಬರುವುದಿಲ್ಲ.

ಭಾವನಿಗೆ ನನ್ನ ನಮಸ್ಕಾರ ಹೇಳು. ಅವರು ನಗಾಡಿದರೆ ಪರವಾಗಿಲ್ಲ, ಸುಮ್ಮನಾಗಿಬಿಟ್ಟರೆ ನನಗೆ ಭಯ. ಬಟಾಣಿಗೆ ಚಿಕ್ಕಿಯ ಆಶೀರ್ವಾದ. ಅವನು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಲಿ, ಅವನ ಎದುರು ಕೂತವರೆಲ್ಲ ಅಷ್ಟು ಹೊತ್ತು ಕೂತಿರಲಿ.

ನಿನ್ನ
ಇಂಗ್ಲಿಷ್ ಆಫೀಸು

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ಹದಿನಾಲ್ಕನೆಯ ವಿಡಿಯೋದ ಕೊನೆಯಲ್ಲಿ ನೀನು ಫೋನ್ ನಿಲ್ಲಿಸಲು ಮರೆತಿದ್ದೀಯ. ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ನಿನ್ನ ಮೊಣಕಾಲು, ಅದರ ಮೇಲೆ ಬಟಾಣಿಯ ತಲೆ ಮಾತ್ರ ಕಾಣುತ್ತದೆ. ನೀನು ಅವನ ತಲೆ ಸವರುತ್ತಾ ಹೇಳುತ್ತೀಯ: "ಅವಸರ ಇಲ್ಲ ಕಣೋ. ನಿನ್ ಚಿಕ್ಕೀನೂ ಹಾಸ್ಟೆಲ್‌ಗೆ ಬಿಟ್ಟ ಹೊಸದ್ರಲ್ಲಿ ಎರಡು ತಿಂಗಳು ಬಾಯೇ ಬಿಡ್ಲಿಲ್ವಂತೆ. ವಾರ್ಡನ್ ಕಾಗದ ಹಾಕಿದ್ರು. ಅಪ್ಪ ನಂಗೆ ಓದಿ ಹೇಳಿ, ಕರ್ಕೊಂಡ್ ಬಂದ್ಬಿಡೋಣ್ವಾ ಅಂದ್ರು. ನಾನು ಬೇಡ, ಸರಿಹೋಗ್ತಾಳೆ ಅಂದೆ. ಅವಳ ಮಂಚ ತೆಗೆದಿದ್ದಕ್ಕೇ ನನ್ನ ಮಷಿನ್‌ಗೆ ಕಿಟಕಿ ಪಕ್ಕ ಜಾಗ ಆಗಿತ್ತಲ್ಲ."

ಆಮೇಲೆ ನೀನು ಏನೂ ಹೇಳುವುದಿಲ್ಲ. ಹನ್ನೊಂದು ಸೆಕೆಂಡು. ಆಮೇಲೆ ಫೋನ್ ಆಫ್ ಆಗುತ್ತದೆ.

ಈ ಚೂರನ್ನು ನಾನು ಕತ್ತರಿಸಿದ್ದು ಮೇಡಂಗೋಸ್ಕರ ಅಲ್ಲ. ಪೆನ್‌ಡ್ರೈವಿನಲ್ಲಿ ಇದೂ ಇದೆ.

ನಾನು ಮಾತು ನಿಲ್ಲಿಸಿದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂತಲೇ ಹನ್ನೆರಡು ವರ್ಷ ಅಂದುಕೊಂಡಿದ್ದೆ. ಗೊತ್ತಿದ್ದರೆ ಬರುತ್ತಿದ್ದಿರಿ ಅಂದುಕೊಂಡಿದ್ದೆ. ನಿನಗೆ ಆಗ ಹದಿನಾಲ್ಕು ವರ್ಷ, ಅದು ನನಗೆ ಗೊತ್ತು. ನನಗೆ ಆರು. ಸಿಟ್ಟಿದೆಯಾ ಅಂತ ಕೇಳಿದರೆ ಇನ್ನೂ ಗೊತ್ತಿಲ್ಲ. ಎರಡು ಸಲ ನೋಡಿದ್ದೇನೆ, ಮೂರನೆಯ ಸಲ ನೋಡಲಾಗಲಿಲ್ಲ. ನೀನು ಅದನ್ನು ನನಗೆ ಹೇಳದೆ ಅವನಿಗೆ ಯಾಕೆ ಹೇಳಿದೆ ಅನ್ನುವುದೊಂದೇ ನಾನು ಕೇಳುವುದು. ಮೊದಲ ಹಾಳೆಯಲ್ಲೇ ಬರೆದು ಕಳಿಸು, ಗೀಟು ಇದ್ದರೂ ಸರಿ.

ಕಾಯುವುದು ನನಗೆ ಇನ್ನೂ ಬಂದಿಲ್ಲ ಅಕ್ಕ. ಬೇಗ ಉತ್ತರ ಬರಿ.